ಚಿತ್ರ ಬಿಡಿಸಲು ಬಾರದವರು ಆರ್ಟ್ ಥೆರಪಿಗೆ ಬರಬಹುದಾ?

ಕಲಬುರಗಿಯಲ್ಲಿ ನಾನು ಎಕ್ಸ್‌ಪ್ರೆಸಿವ್ ಆರ್ಟ್ಸ್ ಥೆರಪಿ, ಅಂದರೆ ಚಿತ್ರ, ದನಿ, ಬರಹದಂಥ ಕಲೆಗಳ ಮೂಲಕ ಮನಸ್ಸಿಗೆ ಮಾಡುವ ಆರೈಕೆ, ಮಾಡಿಸುತ್ತೇನೆ ಅಂದರೆ ಸಾಕು, ಮುಂದಿನ ಮಾತು ಇದೇ: "ನನಗ ಒಂದ್ ಗೆರಿ ನೆಟ್ಟಗ ಎಳಿಯಾಕ ಬರಂಗಿಲ್ರಿ, ನಾ ಬಂದು ಏನ್ ಮಾಡ್ಲಿ?"

ಧಾರಾಳವಾಗಿ ಬರಬಹುದು. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 39 ಜನರಿಗೆ ಬಣ್ಣ, ಮಣ್ಣು, ಕಾಗದ ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಅಂದರು. ಮೊದಲು ಮತ್ತು ಆಮೇಲೆ ಅವರ ಎಂಜಲು ಪರೀಕ್ಷಿಸಿದಾಗ, ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಅಂತ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಸಣ್ಣ ಅಧ್ಯಯನ, ಅಷ್ಟರಿಂದಲೇ ಕಾಯಿಲೆ ವಾಸಿಯಾಗುತ್ತೆ ಅಂತ ಹೇಳಲಾಗದು. ಆದರೆ ನಿಮ್ಮ ಅಂಜಿಕೆಗೆ ಅದು ಒಳ್ಳೆಯ ಉತ್ತರ, ಅಲ್ವಾ?

ಮೊದಲ ದಿನ ಹೆಚ್ಚಾಗಿ ಮಾತೇ. ಏನು ಕಾಡುತ್ತಿದೆ, ನಿದ್ದೆ ಹೇಗಿದೆ, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಕೇಳುತ್ತೇನೆ. ನೀವು ಹೇಳಿದ್ದು ಹೊರಗೆ ಹೋಗುವುದಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತದೆ, ಅದನ್ನೂ ಆ ದಿನವೇ ಹೇಳಿಬಿಡುತ್ತೇನೆ. ನಮ್ಮ ಊರಲ್ಲಿ ಯಾರನ್ನು ಮಾತಾಡಿಸಿದರೂ ಎಲ್ಲೋ ಒಂದು ಕಡೆ ಬೀಗರೇ ಆಗುತ್ತಾರೆ. ನಿಮ್ಮ ಜೊತೆ ಥೆರಪಿಗೆ ಕೂರುವ ಗುಂಪಿನಲ್ಲಿ ಪರಿಚಯದವರು ಇದ್ದರೆ ಹೇಳಿ, ಬೇರೆ ಹೊತ್ತು ನೋಡೋಣ.

ಮುಂದಿನ ಸಲದಿಂದ ಕೈಗೆ ಕೆಲಸ. ಮೊದಲು ಉಸಿರು, ಸ್ವಲ್ಪ ಮೈ ಸಡಿಲಿಸುವುದು. ಆಮೇಲೆ ದೊಡ್ಡ ಹಾಳೆಯ ಮೇಲೆ ಎಡಗೈಯಲ್ಲಿ ಸುಮ್ನೆ ಗೀಚಿ ಅನ್ನಬಹುದು. ಗೀಚಿದ ಮೇಲೆ, ಈ ಗೆರೆಗೆ ದನಿ ಇದ್ದಿದ್ದರೆ ಹೇಗಿರುತ್ತಿತ್ತು ಅಂತ ಕೇಳುತ್ತೇನೆ. ಒಬ್ಬರು ಗುನುಗುತ್ತಾರೆ, ಇನ್ನೊಬ್ಬರು ನೆಲ ಬಡಿಯುತ್ತಾರೆ, ಕೆಲವರು ಏನೂ ಮಾಡದೆ ಕೂರುತ್ತಾರೆ, ಅದೂ ಸರಿಯೇ. ಕೊನೆಗೆ ಒಂದು ಸಾಲು ಬರೆಯಿರಿ ಅನ್ನುತ್ತೇನೆ, ಕನ್ನಡವೋ ಉರ್ದುವೋ ಮರಾಠಿಯೋ ತೆಲುಗೋ, ಮನೆಯಲ್ಲಿ ಆಡುವ ಮಾತಿನಲ್ಲಿ. ಹೀಗೆ ಒಂದು ಕಲೆಯಿಂದ ಇನ್ನೊಂದಕ್ಕೆ ದಾಟುವುದೇ ಈ ಥೆರಪಿಯ ಜೀವಾಳ. 1970ರ ದಶಕದಲ್ಲಿ ಅಮೆರಿಕದ ಲೆಸ್ಲಿ ಕಾಲೇಜಿನಲ್ಲಿ ಶಾನ್ ಮೆಕ್‌ನಿಫ್ ಮತ್ತು ಜೊತೆಗಾರರು ಕಟ್ಟಿದ ದಾರಿ ಇದು. ಸಾಮಾನು ಆರಿಸುವುದರಲ್ಲೂ ಲೆಕ್ಕ ಇದೆ. ನೀರುಬಣ್ಣ ಹರಿಯುತ್ತದೆ, ಅದರ ಜೊತೆ ಅಳುವೂ ಬೇಗ ಬರಬಹುದು. ಪೆನ್ಸಿಲ್, ಕ್ರೇಯಾನ್ ಹಿಡಿತದಲ್ಲಿ ಇರುತ್ತವೆ. ಹಾಗಾಗಿ ತುಂಬಾ ಕಂಗೆಟ್ಟು ಬಂದವರಿಗೆ ಮೊದಲ ದಿನವೇ ನೀರುಬಣ್ಣ ಕೊಡುವುದಿಲ್ಲ.

ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಬಣ್ಣ ಮುಟ್ಟಲು ಹಿಂಜರಿಯುತ್ತಾರೆ. ಅದೇ ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದ ಹೇಳಿ ಅನ್ನಿ, ಒಬ್ಬರು ಎತ್ತಿಕೊಂಡರೆ ಉಳಿದವರು ದನಿ ಕೂಡಿಸುತ್ತಾರೆ. ತವರು, ಅತ್ತೆ ಮನೆ, ಹೋದ ಮಗು, ಎಲ್ಲ ಸಂಕಟಕ್ಕೂ ಆ ಪದಗಳಲ್ಲಿ ಜಾಗ ಇದೆ. ಅವರ ಜೊತೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಹಾಳೆ ಆಮೇಲೆ.

ಇನ್ನೊಂದು ಭಯ ಇದೆ, ಎಷ್ಟೋ ಜನ ಬಾಯಿಬಿಟ್ಟು ಹೇಳುವುದಿಲ್ಲ. ಚಿತ್ರ ನೋಡಿ ಇವರು ನನ್ನ ಒಳಗಿನದೆಲ್ಲ ಓದಿಬಿಡುತ್ತಾರೆ ಅನ್ನುವ ಭಯ. ನಾನು ಓದುವುದಿಲ್ಲ, ಓದಲು ಬರುವುದೂ ಇಲ್ಲ. ಕಪ್ಪು ಬಣ್ಣ ಬಳಿದರೆ ಡಿಪ್ರೆಶನ್ ಅಂತ ಮೊಬೈಲಿನಲ್ಲಿ ಬರುವುದನ್ನು ದಯವಿಟ್ಟು ನಂಬಬೇಡಿ. ಆ ಕಪ್ಪು ನಿಮ್ಮ ತೊಗರಿ ಬೆಳೆಯುವ ಎರೆಹೊಲ ಇರಬಹುದು. ಅದೇನು ಅಂತ ಹೇಳಬೇಕಾದವರು ನೀವೇ, ಹೇಳಬೇಕು ಅನ್ನಿಸಿದಾಗ.

ಸೆಷನ್ ಮುಗಿದ ಮೇಲೆ ಹಗುರ ಅನ್ನಿಸಬಹುದು, ಸುಸ್ತೂ ಆಗಬಹುದು. ಸೇಡಂ, ಆಳಂದ, ಜೇವರ್ಗಿ ಕಡೆಯಿಂದ ಬರುವವರಿಗೆ ಹೇಳುತ್ತೇನೆ: ಅತ್ತ ಕಣ್ಣಲ್ಲೇ ಓಡಿಹೋಗಿ ತುಂಬಿದ ಬಸ್ ಹತ್ತಬೇಡಿ, ಸ್ವಲ್ಪ ಹೊತ್ತು ಕೂತು ನೀರು ಕುಡಿದು ಹೋಗಿ. ಸತತವಾಗಿ ಭಾರ ಜಾಸ್ತಿ ಆಗುತ್ತಿದ್ದರೆ ನನಗೆ ಹೇಳಿ, ವಿಧಾನ ಬದಲಿಸಬೇಕು. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಸೆಷನ್ ತನಕ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮನೆಯವರಿಗೂ ಒಂದು ಮಾತು. ಥೆರಪಿಗೆ ಬಂದವರು ಮನೆಗೆ ಮರಳಿದ ಕೂಡಲೇ "ಇವತ್ತ ಏನ್ ಬಿಡಿಸಿದಿ, ತೋರಸು" ಅಂತ ಕೇಳಬೇಡಿ. ಹಾಳೆ ಅವರದು. ಬೇಕಿದ್ದರೆ ತೋರಿಸುತ್ತಾರೆ, ಇಲ್ಲದಿದ್ದರೆ ನನ್ನ ಹತ್ತಿರ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತೇನೆ. "ಊಟ ಮಾಡ್ತೀ ಏನು" ಅಂತ ಕೇಳಿ, ಸಾಕು.