ಮುನ್ನೂರ ಹನ್ನೆರಡನೇ ಪುಟ

ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಕೆಲಸ ಮಾಡುವವ ನಾನು. ನಮ್ಮ ತಂಡ ಸಿ ಥರದ್ದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಗೆ ಕಂಪೈಲರ್, ಅಂದರೆ ಆ ಭಾಷೆಯಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸುವ ಪ್ರೋಗ್ರಾಂ, ಬರೆಯುತ್ತಿದೆ. ಈ ಮಳೆಗಾಲದಲ್ಲಿ ಪಾಯಿಂಟರ್ ಭಾಗ ನನ್ನ ಪಾಲಿಗೆ ಬಂತು. ಪಾಯಿಂಟರ್ ಅಂದರೆ ಮೆಮೊರಿಯ ಒಂದು ಜಾಗದ ವಿಳಾಸ; ಅದರ ಮುಂದೆ ನಕ್ಷತ್ರ (*) ಹಾಕಿದರೆ ಆ ವಿಳಾಸದಲ್ಲಿರುವ ಜಾಗ. ನಕ್ಷತ್ರ ಚಿಹ್ನೆ ಕಂಡಲ್ಲೆಲ್ಲ ಮಧ್ಯಂತರ ಕೋಡಿಗೆ (ಕಂಪೈಲರ್ ನಡುವಿನಲ್ಲಿ ತಯಾರಿಸುವ ಸರಳ ರೂಪ) ಒಂದು ಲೋಡ್, ಅಂದರೆ ವಿಳಾಸಕ್ಕೆ ಹೋಗಿ ಓದುವ ಆಜ್ಞೆ, ಹಾಕಿದರೆ ಮುಗೀತು, ಅಲ್ವಾ? ಹಾಗೇ ಮಾಡಿದೆ.

‘ಎಕ್ಸ್ = *ಪಿ’ ಚೆನ್ನಾಗಿ ಓಡಿತು. ಪಿ ಕೂಡ ಮೆಮೊರಿಯಲ್ಲಿರುವ ವೇರಿಯೇಬಲ್, ಹಾಗಾಗಿ ಎರಡು ಲೋಡ್, ಕೊನೆಗೆ ಬರೆಯಲು ಒಂದು ಸ್ಟೋರ್:

ಟಿ1 = ಲೋಡ್ ಪಿ
ಟಿ2 = ಲೋಡ್ ಟಿ1
ಸ್ಟೋರ್ ಟಿ2, ಎಕ್ಸ್

‘*ಪಿ = 5’ ಕೊಟ್ಟೆ, ಪಿ ತೋರಿಸುವ ಜಾಗದಲ್ಲಿ 5 ಬರೆ ಅಂತ. ಸೆಗ್ಮೆಂಟೇಶನ್ ಫಾಲ್ಟ್: ಮುಟ್ಟಬಾರದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತಿತ್ತು. ಎರಡು ದಿನ ಬರೀ ಮಂಡೆಬಿಸಿ. ಸಾಲದ್ದಕ್ಕೆ ಕರೆಂಟೂ ಹೋಯಿತು.

ಆಗ ಅಪ್ಪ ಅಡಿಕೆ ಲೆಕ್ಕದ ಪುಸ್ತಕ ಹಿಡಿದು ಬಂದರು. “ಕನ್ನಡಕ ಸಿಕ್ಕುವುದಿಲ್ಲ ಮಾರಾಯ. ಹದಿನಾಲ್ಕನೇ ಪುಟದಲ್ಲಿ ತೂಕ ತಿದ್ದಿ ಕೊಡು.” ತೆರೆದೆ. ಹಳೇ ತೂಕ 312 ಕಿಲೋ. ಅದನ್ನು ಹೊಡೆದು ಹೊಸದು ಬರೆಯುವಾಗಲೇ ನಗು ಬಂತು. “ಎಂತ ನಗುವುದು?” ಅಂದರು ಅಪ್ಪ.

ನನ್ನ ಕಂಪೈಲರಿಗೆ ಇದೇ ಕೆಲಸ ಕೊಟ್ಟಿದ್ದರೆ 14ನೇ ಪುಟ ತೆರೆದು, ಅಲ್ಲಿದ್ದ 312 ಓದಿ, 312ನೇ ಪುಟ ಹುಡುಕಿಕೊಂಡು ಹೋಗುತ್ತಿತ್ತು. ಪುಸ್ತಕದಲ್ಲಿ ಇರುವುದೇ 200 ಪುಟ! ಬರೆಯಬೇಕಾದ ಕಡೆಯೂ ನಾನು ಎರಡನೇ ಲೋಡ್ ಹಾಕಿದ್ದೆ. ಬೇಕಾದದ್ದು ಇಷ್ಟೇ:

ಟಿ1 = ಲೋಡ್ ಪಿ
ಸ್ಟೋರ್ 5, ಟಿ1

ಕರೆಂಟ್ ಬಂದ ಮೇಲೆ ಒಂದೇ ಫಂಕ್ಷನ್ನನ್ನು ಎರಡು ಮಾಡಿದೆ. ಒಂದು ವಿಳಾಸ ಕೊಡುತ್ತದೆ, ಇನ್ನೊಂದು ಬೆಲೆ, ಅಂದರೆ ಆ ಜಾಗದಲ್ಲಿ ಬರೆದದ್ದನ್ನು, ಕೊಡುತ್ತದೆ. ‘*ಪಿ’ಯ ವಿಳಾಸ ಅಂದರೆ ಪಿಯ ಬೆಲೆಯೇ. ಅದರ ಬೆಲೆ ಬೇಕಾದಾಗ ಮಾತ್ರ ಇನ್ನೊಂದು ಲೋಡ್. ನಕ್ಷತ್ರಕ್ಕೆ ತನ್ನದೇ ಆದ ಇನ್‌ಸ್ಟ್ರಕ್ಷನ್ ಬೇಕಾಗಲೇ ಇಲ್ಲ. ಕಂಪೈಲರ್ ಕಟ್ಟುವವರು ತುಂಬ ಬಳಸುವ ಎಲ್‌ಎಲ್‌ವಿಎಂನ ಮಧ್ಯಂತರ ಕೋಡಿನಲ್ಲೂ ಇಲ್ಲ, ಲೋಡ್ ಮತ್ತು ಸ್ಟೋರ್ ಅಷ್ಟೇ. ಅಲ್ಲಿ ಮೊದಲು ಪಾಯಿಂಟರ್ ಯಾವುದರತ್ತ ತೋರಿಸುತ್ತದೆ ಅನ್ನುವುದೂ ಅದರ ಟೈಪಿನಲ್ಲೇ ಇತ್ತು. 2022ರಲ್ಲಿ ಬಂದ 15ನೇ ಆವೃತ್ತಿಯಿಂದ ಪಾಯಿಂಟರ್ ಸುಮ್ನೆ ಪಾಯಿಂಟರ್. ಎಷ್ಟು ದೊಡ್ಡದನ್ನು ಓದಬೇಕು ಅಂತ ಲೋಡೇ ಹೇಳುತ್ತದೆ. ನನಗೆ ಇದೇ ಸರಿ ಅನಿಸುತ್ತದೆ, ಪುಟದ ನಂಬರಿಗೆ ಅಲ್ಲಿ ಬರೆದದ್ದು ಅಡಿಕೆಯೋ ಕಾಳುಮೆಣಸೋ ಅಂತ ಯಾಕೆ ಗೊತ್ತಿರಬೇಕು?

ರಿವ್ಯೂ ಮಾಡಿದವರು ‘&*ಪಿ’ಗೂ ಒಂದು ಟೆಸ್ಟ್ ಕೇಳಿದರು. ಮುಂದಿರುವ ಚಿಹ್ನೆ ‘ಇದರ ವಿಳಾಸ ಕೊಡು’ ಅನ್ನುತ್ತದೆ. ಪಿ ನಲ್, ಅಂದರೆ ಯಾವ ಜಾಗವನ್ನೂ ತೋರಿಸದ ಪಾಯಿಂಟರ್, ಆಗಿರಬೇಕಂತೆ. ಹೆದರುತ್ತಲೇ ಓಡಿಸಿದೆ. ಬಂದದ್ದು ಒಂದೇ ಲೋಡ್, ಅದೂ ಪಿಯದ್ದು. ನಲ್‌ನ ಬಾಗಿಲು ಯಾರೂ ತಟ್ಟಲಿಲ್ಲ. 1999ರ ಸಿ ಸ್ಟ್ಯಾಂಡರ್ಡಿನಲ್ಲೂ ಹೀಗೇ ಇದೆ, & ಮತ್ತು * ಎರಡೂ ಇಲ್ಲವೇನೋ ಅನ್ನುವ ಹಾಗೆ ನೋಡಬೇಕು ಅಂತ.