ಆಕಾಶದಲ್ಲಿ ಹನ್ನೊಂದು ಕಲೆ

ಕೆರೆಯ ಮೇಲೆ ಮಂಜು, ಹಿಂದೆ ಗುಡ್ಡ, ಎದುರಿಗೆ ಪಾಚಿ ಹಿಡಿದ ಒದ್ದೆ ಬಂಡೆ. ನಸುಕಿನಲ್ಲೇ ಎದ್ದು ಹೋಗಿ ತೆಗೆದ ಫೋಟೊ. ಫೋನಿನಲ್ಲಿ ನೋಡಿದವರೆಲ್ಲ ಸೂಪರ್ ಅಂದಿದ್ದರು. ಫೋಟೊಗಳನ್ನು ಮಾರಾಟಕ್ಕಿಡುವ ಒಂದು ಸ್ಟಾಕ್ ಸೈಟಿಗೆ ಕಳಿಸಿದೆ. ರಿಜೆಕ್ಟ್ ಆಯಿತು. ಗುಣಮಟ್ಟ ಸಾಲದು ಅನ್ನುವ ಒಂದು ಸಾಲು ಬಂತು, ಅಷ್ಟೇ.

ಎರಡು ದಿನ ಬೈದುಕೊಂಡು ಓಡಾಡಿದೆ. ಆಮೇಲೆ ಕಂಪ್ಯೂಟರಿನಲ್ಲಿ ಫೋಟೊ ತೆರೆದು ಶೇ. 100ಕ್ಕೆ ಜೂಮ್ ಮಾಡಿದೆ. ಅಂದರೆ ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್. ಪರಿಶೀಲನೆಗೆ ನಿಲ್ಲಬೇಕಾದದ್ದು ಈ ಅಳತೆಯಲ್ಲಿ. ಎಡಗಡೆಯ ಮೂಲೆಯಿಂದ ಶುರು ಮಾಡಿ, ಹೊಲ ಉಳುವ ಹಾಗೆ ಸಾಲು ಸಾಲಾಗಿ ನೋಡುತ್ತಾ ಬಂದೆ. ಬರೀ ಆಕಾಶದಲ್ಲೇ 11 ಬೂದು ಕಲೆ!

ಅದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್, ಅದರ ಮೇಲಿನ ಧೂಳು. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಕಿರಿದಾದಷ್ಟೂ ಧೂಳಿನ ನೆರಳು ಎದ್ದು ಕಾಣುತ್ತದೆ. ನಾನು ಇಟ್ಟಿದ್ದು ಎಫ್/22. ಎಫ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಲ್ಯಾಂಡ್‌ಸ್ಕೇಪ್ ಅಂದಮೇಲೆ ಎಲ್ಲವೂ ಶಾರ್ಪ್ ಇರಬೇಕು ಅಲ್ವಾ, ಅದಕ್ಕೆ ಕಿಂಡಿ ಆದಷ್ಟು ಚಿಕ್ಕದಾಗಲಿ ಅಂತ. ಆದದ್ದು ಉಲ್ಟಾ. ಅಷ್ಟು ಚಿಕ್ಕ ಕಿಂಡಿಯಲ್ಲಿ ತೂರುವಾಗ ಬೆಳಕು ಹರಡಿಕೊಳ್ಳುತ್ತದೆ. ಇದೇ ಡಿಫ್ರಾಕ್ಷನ್. ಬಂಡೆಯ ಪಾಚಿಗೆ ಎಳೆಯೇ ಇರಲಿಲ್ಲ, ಹಸಿರು ಬಣ್ಣ ಬಳಿದ ಹಾಗಿತ್ತು. ಈಗ ಚಿಕ್ಕ ಸೆನ್ಸರಿನ ನನ್ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಎಫ್/8, ಹೆಚ್ಚೆಂದರೆ ಎಫ್/11. ಹೊರಡುವ ಹಿಂದಿನ ದಿನ ಖಾಲಿ ಆಕಾಶದ್ದೊಂದು ಫೋಟೊವನ್ನು ಎಫ್/16ರಲ್ಲಿ ತೆಗೆದು ಧೂಳು ಹುಡುಕುತ್ತೇನೆ.

ಫೋಕಸ್‌ನಲ್ಲೂ ಏಟು ತಿಂದಿದ್ದೇನೆ. 18 ಎಂಎಂ ಲೆನ್ಸ್, ಎಫ್/8ರಲ್ಲಿ ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 1 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಶಾರ್ಪ್ ಅನ್ನುತ್ತದೆ ಹೈಪರ್‌ಫೋಕಲ್ ಲೆಕ್ಕ. ಲೆಕ್ಕ ಸುಳ್ಳಲ್ಲ. ಆದರೆ ಅದು ಪ್ರಿಂಟನ್ನು ಕೈಯಲ್ಲಿ ಹಿಡಿದು ನೋಡುವವರ ಕಣ್ಣಿಗೆ ಹಾಕಿದ ಲೆಕ್ಕ. ಶೇ. 100ರಲ್ಲಿ ದೂರದ ಗುಡ್ಡ ಮೆತ್ತಗಾಗಿಯೇ ಇರುತ್ತದೆ. ಹಾಗಾಗಿ ಟ್ರೈಪಾಡ್ ಅಲುಗಿಸದೆ ಬಂಡೆಗೊಂದು, ಗುಡ್ಡಕ್ಕೊಂದು ಫೋಟೊ ತೆಗೆದು ಆಮೇಲೆ ಸೇರಿಸುತ್ತೇನೆ. ಮಂಜು ಓಡುತ್ತಿದ್ದರೆ ಈ ಆಟ ನಡೆಯುವುದಿಲ್ಲ. ಆಗ ಬಂಡೆಯ ಆಸೆ ಬಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗುವುದೇ ವಾಸಿ.

 

ಎಡಿಟಿಂಗ್‌ನಲ್ಲಿ ನನ್ನ ಕೈ ಸ್ವಲ್ಪ ಜೋರು. ಅಂಚುಗಳನ್ನು ಎದ್ದು ಕಾಣಿಸುವ ಕ್ಲ್ಯಾರಿಟಿ ಸ್ಲೈಡರ್ ಎಳೆದೂ ಎಳೆದೂ ಗುಡ್ಡದ ಅಂಚಿಗೆ ಬಿಳಿ ಬಳೆ ತೊಡಿಸಿದ್ದೆ. ನೆರಳಿನ ಭಾಗವನ್ನು ಬೆಳಗಿಸಿದಲ್ಲೆಲ್ಲ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆ, ಎದ್ದಿತ್ತು. ತೆಗೆದದ್ದು ಜೆಪೆಗ್‌ನಲ್ಲಿ, ಒಂದೊಂದು ಬಣ್ಣಕ್ಕೆ ಬರೀ 256 ಹಂತ. ಅದನ್ನು ಜಗ್ಗಿದರೆ ನುಣ್ಣಗಿನ ಆಕಾಶದಲ್ಲಿ ಪಟ್ಟೆ ಪಟ್ಟೆ ಬಾರದೆ ಇನ್ನೇನು? 14 ಬಿಟ್‌ನ ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲಿನಲ್ಲಿ, 16,384 ಹಂತ ಇರುತ್ತವೆ. ರೆಂಬೆಗಳ ಅಂಚಿನ ನೇರಳೆ ಗೆರೆಯೂ ಲೆನ್ಸ್ ಕರೆಕ್ಷನ್‌ನ ಒಂದು ಟಿಕ್‌ಗೆ ಬಹುಪಾಲು ಹೋಗುತ್ತದೆ.

ಇನ್ನೊಂದು ಉಪಾಯ ಇದೆ, ಸ್ವಲ್ಪ ಕಳ್ಳದಾರಿ ಅನಿಸಿದರೂ ಸರಿ. 6000×4000ರ ಫೋಟೊವನ್ನು 3600×2400ಕ್ಕೆ ಇಳಿಸಿದರೆ ಸಣ್ಣಪುಟ್ಟ ನಾಯ್ಸ್ ಅಡಗುತ್ತದೆ. ಆಗಲೂ 8 ಮೆಗಾಪಿಕ್ಸೆಲ್ ದಾಟಿರುತ್ತದೆ. ಅಡೋಬಿ ಸ್ಟಾಕ್ ಅನ್ನುವ ಸೈಟ್ ಕೇಳುವುದು ಕನಿಷ್ಠ 4. ಫೋಕಸ್ ತಪ್ಪಿದ್ದರೆ ಮಾತ್ರ ಇದೂ ಕಾಪಾಡುವುದಿಲ್ಲ.

ಕೊನೆಗೆ ಪಾಸಾದ ನನ್ನ ಮೊದಲ ಫೋಟೊ ಸುಮ್ನೆ ಒಂದು ಹುಲ್ಲುಗಾವಲು. ಒಂದು ಮರ, ಮುಕ್ಕಾಲು ಭಾಗ ಖಾಲಿ ಆಕಾಶ. ಕೊಳ್ಳುವವರಿಗೆ ಅಕ್ಷರ ಕೂರಿಸಲು ಜಾಗ ಬೇಕಲ್ಲ. ಕೆರೆಯ ಫೋಟೊದ 11 ಕಲೆಗಳನ್ನೂ ಒರೆಸಿದೆ, ಪಾಚಿಯ ಎಳೆ ಮಾತ್ರ ಬರಲಿಲ್ಲ. ಅದೀಗ ನನ್ನ ಫೋನಿನ ವಾಲ್‌ಪೇಪರ್. ಅಲ್ಲಿ ಈಗಲೂ ಸೂಪರ್.