34 ಕೆಜಿ ಇಳಿದ ಮೇಲೆ

ನಾನು 112 ಕೆಜಿಯಿಂದ 78ಕ್ಕೆ ಬಂದಿದ್ದೇನೆ. ಏನೇನು ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಬಿಟ್ಟಿದ್ದಕ್ಕಿಂತ ಸೇರಿಸಿದ್ದೇ ಜಾಸ್ತಿ. ತಟ್ಟೆಯ ಅರ್ಧ ತರಕಾರಿ, ಪ್ರತಿ ಊಟಕ್ಕೂ ಒಂದಿಷ್ಟು ಕಾಳು ಅಥವಾ ಮೊಟ್ಟೆ. ಪ್ರೋಟೀನ್ ಇದ್ದರೆ ಹಸಿವು ತಡವಾಗಿ ಬರುತ್ತದೆ. ಸಿಹಿ ಪಾನೀಯ ಮಾತ್ರ ಪೂರ್ತಿ ನಿಲ್ಲಿಸಿದೆ. ಎಣ್ಣೆಯನ್ನು ಚಮಚದಲ್ಲಿ ಅಳೆಯತೊಡಗಿದೆ, ಯಾಕಂದ್ರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನಿನಲ್ಲಿ ಬರೀ 4.

ಮೊದಮೊದಲು ತೂಕ ಸರಸರ ಇಳಿಯಿತು. ಅದರಲ್ಲಿ ಹೆಚ್ಚಿನದು ನೀರು. ದೇಹ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖರ್ಚಾದಾಗ ಅದರ ಜೊತೆಗಿನ ನೀರೂ ಹೋಗುತ್ತದೆ. ಆಮೇಲೆ 90ರ ಹತ್ತಿರ ಮುಳ್ಳು ಅಲ್ಲಾಡಲೇ ಇಲ್ಲ. ತುಂಬಾ ಬೇಜಾರಾಯಿತು. ಹಗುರಾದ ದೇಹಕ್ಕೆ ಕಡಿಮೆ ಶಕ್ತಿ ಸಾಕಾಗುತ್ತದೆ, ಅಲ್ವಾ? ಆದರೂ ಊಟ ಇನ್ನಷ್ಟು ಕಡಿಮೆ ಮಾಡಲಿಲ್ಲ. ನಿದ್ದೆ ಸರಿಮಾಡಿಕೊಂಡೆ, ಭಾರ ಎತ್ತಲು ಶುರು ಮಾಡಿದೆ. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ. ಸ್ನಾಯುಗಳಿಗೆ ಕೆಲಸ ಕೊಡದಿದ್ದರೆ ಕೊಬ್ಬಿನ ಜೊತೆ ಅವೂ ಕರಗುತ್ತವೆ.

ಇನ್ನೊಂದು ವಿಷಯ. ತೂಕ ಇಳಿದಂತೆ ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ವೈದ್ಯರು ನೋಡಿ ಬಿಪಿ ಮಾತ್ರೆಯ ಡೋಸ್ ಇಳಿಸಿದರು. ಬಿಪಿಗೋ ಸಕ್ಕರೆ ಕಾಯಿಲೆಗೋ ಮಾತ್ರೆ ತಗೊಳ್ಳುವವರು ಡಯಟ್ ಶುರು ಮಾಡುವ ಮೊದಲೇ ವೈದ್ಯರನ್ನು ಕೇಳಿ.

ಹೊಟ್ಟೆಯ ಚರ್ಮ ಜೋತುಬಿದ್ದಿದೆ. ಬೆರಳಲ್ಲಿ ಹಿಡಿದರೆ ತೆಳ್ಳಗಿನ, ಮೆತ್ತನೆಯ ಮಡಿಕೆ. ವ್ಯಾಯಾಮದಿಂದ ಅದು ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳುವವರು ಕಡಿಮೆ, ಹೇಳಲೇಬೇಕು. ಆದರೆ ಮೊಣಕಾಲು ನೋವು ಎಷ್ಟೋ ವಾಸಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲ ಮೇಲಿನ ಹೊರೆ ಸುಮಾರು 4 ಕೆಜಿ ತಗ್ಗುತ್ತದೆ. ಈಗ ಮೆಟ್ಟಿಲು ಹತ್ತುವಾಗ ನಾನು ಕಂಬಿ ಹಿಡಿಯುವುದಿಲ್ಲ.